ಕಿವಿಗಲ್ಲು ಓದುವ ಓರಗಿತ್ತಿ

ನನ್ನ ಗಂಡನ ಅಣ್ಣನ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಕರೆಯಲೇಬೇಕು, ಓರಗಿತ್ತಿ ಹಿರಿಯಳು. ಆ ಎರಡಕ್ಷರ ಬಿಟ್ಟರೆ ಇಪ್ಪತ್ತೆರಡು ವರ್ಷಗಳಲ್ಲಿ ನಮ್ಮ ನಡುವೆ ಅಕ್ಕತನವೂ ಇರಲಿಲ್ಲ, ತಂಗಿತನವೂ ಇರಲಿಲ್ಲ. ಎಣ್ಣೆ ಸೀಗೆಕಾಯಿ ಎನ್ನುತ್ತಾರಲ್ಲ, ಹಾಗೆ. ಆಕೆಯ ಬಗ್ಗೆ ಒಳ್ಳೆಯದನ್ನು ಬರೆಯಲು ನನಗೆ ಮನಸ್ಸಿಲ್ಲ. ಬರೆಯಬೇಕಾಗಿ ಬಂದಿದೆ, ಅದಕ್ಕೇ ಮೈ ಉರಿಯುತ್ತಿದೆ.

ಆಕೆಯ ಕೆಲಸ ಮೀನಿನ ವಯಸ್ಸು ಹೇಳುವುದು. ನನ್ನದೂ ಅದೇ. ದಕ್ಷಿಣ ಧ್ರುವದ ಸುತ್ತಲಿನ ಹಿಮದ ಸಮುದ್ರದಲ್ಲಿ, ಬಹಳ ಆಳದಲ್ಲಿ ಬದುಕುವ ಒಂದು ದೊಡ್ಡ ಮೀನಿದೆ. ನಮ್ಮ ಕಚೇರಿಯಲ್ಲಿ ಅದನ್ನು ಹಲ್ಲುಮೀನು ಎನ್ನುತ್ತೇವೆ. ನಾವಿಬ್ಬರೂ ಆ ಸಮುದ್ರವನ್ನು ಕಂಡವರಲ್ಲ. ಹಿಡಿದ ಮೀನಿನ ತಲೆ ಸೀಳಿ, ಒಳಗಿರುವ ಉಗುರಿನಷ್ಟು ಕಿವಿಗಲ್ಲನ್ನು ಕಾಗದದ ಲಕೋಟೆಯಲ್ಲಿ ಹಾಕಿ ಹಡಗಿನವರು ಕಳಿಸಿಕೊಡುತ್ತಾರೆ. ಅದನ್ನು ಅಂಟಿನಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಕಾಂಡದಲ್ಲಿರುವಂಥ ಸುತ್ತುಗಳು ಕಾಣುತ್ತವೆ. ವರ್ಷಕ್ಕೊಂದು ಸುತ್ತು. ಒಳಗಿನವು ಅಗಲ, ಹೊರಗೆ ಹೋದಂತೆ ಕೂದಲೆಳೆಗಿಂತ ಸಣ್ಣ. ನಲವತ್ತು ವರ್ಷದ ಮೀನಿನ ಕೊನೆಯ ಹತ್ತು ಸುತ್ತು ಎಣಿಸುವುದೆಂದರೆ ಕಣ್ಣು ಕಿತ್ತು ಕೈಗೆ ಬರುತ್ತದೆ.

ಈ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಪ್ರತಿ ಕಲ್ಲನ್ನೂ ಇಬ್ಬರು ಬೇರೆಬೇರೆಯಾಗಿ ಓದಬೇಕು. ಮೀನಿನ ಉದ್ದ ಎಷ್ಟಿತ್ತು ಎಂದು ನೋಡಬಾರದು, ಇನ್ನೊಬ್ಬರಿಗೆ ಎಷ್ಟು ಬಂತೆಂದು ಕೇಳಬಾರದು. ಎಣಿಕೆ ಕೂಡದಿದ್ದರೆ ಮಾತ್ರ ಇಬ್ಬರೂ ಒಟ್ಟಿಗೆ ನೋಡಬಹುದಾದ ಜೋಡಿ ಸೂಕ್ಷ್ಮದರ್ಶಕದ ಮುಂದೆ ಎದುರುಬದುರು ಕೂತು, ಮತ್ತೆ ಎಣಿಸಿ, ಒಪ್ಪಿದ ಸಂಖ್ಯೆಗೆ ಸಹಿ ಹಾಕಬೇಕು. ನಮ್ಮ ಎಣಿಕೆಗೆ ಹೊರಗೆ ಬಹಳ ಮರ್ಯಾದೆಯಿತ್ತು. ಯಾಕಿರುವುದಿಲ್ಲ? ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡದವರು ಸೇರಿಕೊಂಡು ಮೋಸ ಮಾಡುವುದಾದರೂ ಹೇಗೆ?

ಮನೆಯಲ್ಲೂ ಇದೇ ಕಥೆ. ಆಕೆ ಮೇಲಿನ ಮಹಡಿ, ನಾವು ಕೆಳಗೆ. ಬಟ್ಟೆ ಒಣಗಿಸುವ ತಂತಿ ಒಂದೇ. ನಾನು ಮಡಿಸಿಟ್ಟ ಟವೆಲನ್ನು ಆಕೆ ಬಿಚ್ಚಿ ಮತ್ತೆ ಮಡಿಸುತ್ತಿದ್ದರು, ನನ್ನ ಕಣ್ಣೆದುರಿಗೇ. ಒಂದು ಮಾತಿಲ್ಲ. ಬೈದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನನ್ನ ಗಂಡನಿಗೆ ಹೇಳಿದರೆ, "ಟವೆಲ್ ತಾನೆ? ಬಿಡು" ಎಂದು ಪೇಪರ್ ಓದುತ್ತಿದ್ದರು.

ಆದರೆ ನಿಜವಾದ ಹಗೆ ಟವೆಲಿನದಲ್ಲ. ನಾನು ಕೆಲಸಕ್ಕೆ ಸೇರಿದ ಎಂಟನೇ ವರ್ಷ ಒಂದು ಪೆಟ್ಟಿಗೆ ಓದುವಾಗ ಬೇಸತ್ತು ಲಕೋಟೆ ತಿರುಗಿಸಿ ಮೀನಿನ ಉದ್ದ ನೋಡಿಬಿಟ್ಟೆ. ದೊಡ್ಡ ಮೀನಿಗೆ ಹೆಚ್ಚು ವರ್ಷ, ಚಿಕ್ಕದಕ್ಕೆ ಕಡಿಮೆ ವರ್ಷ ತಾನಾಗಿಯೇ ಬಂತು. ಆಕೆ ಮೂರೇ ದಿನದಲ್ಲಿ ಕಂಡುಹಿಡಿದರು. ನನ್ನನ್ನು ಕರೆದು ಬುದ್ಧಿ ಹೇಳಬಹುದಿತ್ತಲ್ಲ? ನೇರವಾಗಿ ವರದಿಯಲ್ಲಿ ಬರೆದರು: ಈ ಪೆಟ್ಟಿಗೆಯ ಓದು ನಂಬಲು ಯೋಗ್ಯವಲ್ಲ. ನನ್ನ ಬಡ್ತಿ ಅಲ್ಲಿಗೆ ಕೈತಪ್ಪಿತು. ಆಕೆ ಬರೆದದ್ದು ಸುಳ್ಳಾಗಿದ್ದರೆ ಎಂದೋ ಕ್ಷಮಿಸುತ್ತಿದ್ದೆ. ನಿಜವಾಗಿತ್ತು, ಅದಕ್ಕೇ ಕ್ಷಮಿಸಲಿಲ್ಲ.

ಕಳೆದ ವರ್ಷ ಹೊಸ ಮುಖ್ಯಸ್ಥ ಬಂದ. ಮೊದಲು ಮೀನು ಹಿಡಿಯುವ ಕಂಪನಿಗಳ ಸಂಘದಲ್ಲಿದ್ದವನು, ಮಾತಿಗೆ ಮೊದಲೇ ನಗುವವನು. ಹಲ್ಲುಮೀನು ಮೊಟ್ಟೆಯಿಡಲು ಹದಿನೈದು ವರ್ಷವಾದರೂ ಬೇಕು. ಮೀನು ನಿಧಾನವಾಗಿ ಬೆಳೆಯುತ್ತದೆ ಎಂದು ನಮ್ಮ ವಯಸ್ಸಿನ ಕೋಷ್ಟಕ ಹೇಳಿದರೆ ಆ ಸಮುದ್ರದ ಮೀನುಗಾರಿಕೆ ನೋಡಿಕೊಳ್ಳುವ ದೇಶಗಳ ಸಭೆ ಹಿಡಿಯುವ ಮಿತಿಯನ್ನು ಇಳಿಸುತ್ತದೆ, ಬೇಗ ಬೆಳೆಯುತ್ತದೆ ಎಂದರೆ ಏರಿಸುತ್ತದೆ. ಅವನಿಗೆ ಏರಿಸುವ ಆತುರ.

ಈ ವರ್ಷ ಆರುನೂರು ಕಲ್ಲು ಬಂದಿದ್ದವು. ಮೂರನೇ ಪೆಟ್ಟಿಗೆಯಿಂದ ನಮ್ಮಿಬ್ಬರ ಎಣಿಕೆ ತಾಳೆ ತಪ್ಪತೊಡಗಿತು. ನನಗೆ ಮೂವತ್ತೈದು ಬಂದಲ್ಲಿ ಅಕ್ಕನಿಗೆ ಇಪ್ಪತ್ತೊಂಬತ್ತು. ಎಳೆಯ ಮೀನುಗಳಲ್ಲಿ ವ್ಯತ್ಯಾಸವೇ ಇಲ್ಲ, ಮುದಿ ಮೀನುಗಳಲ್ಲೇ ಎಲ್ಲ. ಜೋಡಿ ಸೂಕ್ಷ್ಮದರ್ಶಕದ ಮುಂದೆ ಕೂತೆವು. ಎಣಿಸುವಾಗ ಒತ್ತುವ ಗುಂಡಿ ಆಕೆಯ ಹೆಬ್ಬೆರಳ ಕೆಳಗೆ ಟಿಕ್ ಟಿಕ್ ಎನ್ನುತ್ತಿತ್ತು. ಅಂಚಿಗೆ ಬಂದೊಡನೆ ನಿಂತಿತು.

"ಇಪ್ಪತ್ತೊಂಬತ್ತು. ಆಮೇಲೆ ಏನೂ ಇಲ್ಲ" ಎಂದರು.

ಆಮೇಲೆ ಆರು ಸುತ್ತು ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಬಾಯಿ ತೆರೆಯಬೇಕೆಂದಿದ್ದೆ. ಅಷ್ಟರಲ್ಲಿ ಹಿಂದಿನ ದಿನ ಕಂಡದ್ದು ನೆನಪಾಯಿತು: ಮನೆಯ ಕೊನೆಯ ಮೆಟ್ಟಿಲನ್ನು ಆಕೆ ಕಾಲಿನಿಂದ ತಡವಿ ನೋಡಿ ಇಳಿದಿದ್ದರು, ಲೋಟ ತುಂಬಿದ ಮೇಲೂ ನೀರು ಬಗ್ಗಿಸುತ್ತಲೇ ಇದ್ದರು. ಆಕೆಗೆ ಕಣ್ಣು ಹೋಗುತ್ತಿದೆ, ಅದು ಆಕೆಗೇ ಗೊತ್ತಿಲ್ಲ.

ನನಗೆ ಸಂತೋಷವಾಯಿತು. ಮುಚ್ಚಿಡುವುದೇನು, ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅತ್ತೆಗೊಂದು ಕಾಲವಾದರೆ ಸೊಸೆಗೊಂದು ಕಾಲ, ಓರಗಿತ್ತಿಗೂ ಒಂದು ಕಾಲ ಬೇಡವೇ? ಈಗಲೇ ಹೇಳಿದರೆ ಆಕೆ ಕನ್ನಡಕ ಬದಲಿಸಿ ಮತ್ತೆ ಬಂದು ಕೂರುತ್ತಾರೆ. ತಪ್ಪು ಬೆಳೆಯಲಿ, ಕೋಷ್ಟಕ ತಯಾರಾಗಲಿ, ಕೊನೆಯ ದಿನ ಎಲ್ಲರ ಮುಂದೆ ಕೆಡವುತ್ತೇನೆ ಎಂದುಕೊಂಡೆ. "ಇಪ್ಪತ್ತೊಂಬತ್ತೇ ಇರಬಹುದು ಅಕ್ಕ" ಎಂದು ಸಹಿ ಹಾಕಿದೆ. ಎರಡು ತಿಂಗಳಲ್ಲಿ ಅಂಥ ಸಹಿ ನೂರ ನಲವತ್ತು ಹಾಕಿದೆ. ನನ್ನ ಮೊದಲಿನ ಎಣಿಕೆಯ ಹಾಳೆಗಳು ಮಾತ್ರ ಕಪಾಟಿನಲ್ಲಿ ಭದ್ರವಾಗಿದ್ದವು.

ಕೋಷ್ಟಕ ಕಳಿಸುವ ಹಿಂದಿನ ದಿನ ಬೆಳಿಗ್ಗೆ ಕಚೇರಿಯಲ್ಲಿ ಸಭೆ. ಮುಖ್ಯಸ್ಥನ ಮುಖ ಹೊಳೆಯುತ್ತಿತ್ತು. ಈ ಸಲ ಮುದಿ ಮೀನುಗಳೇ ಕಡಿಮೆ, ಬೆಳವಣಿಗೆ ಬಿರುಸು, ಮಿತಿ ಕಾಲುಭಾಗ ಏರಿಸಲು ಅಡ್ಡಿಯಿಲ್ಲ ಎಂದ. ನಾನು ಎದ್ದು ನಿಂತೆ.

"ಸರ್, ಈ ಸಲ ಪರೀಕ್ಷೆ ಪೆಟ್ಟಿಗೆ ಯಾರೂ ಓದಿಲ್ಲ. ಅಕ್ಕ ಇಲ್ಲೇ ಒಂದ್ಸಲ ಓದ್ಲಿ."

ಬಣ್ಣದ ಮದ್ದು ಚುಚ್ಚಿ, ಗುರುತಿನ ಬಿಲ್ಲೆ ಕಟ್ಟಿ ಸಮುದ್ರಕ್ಕೆ ಬಿಟ್ಟು, ಎಷ್ಟೋ ವರ್ಷದ ಮೇಲೆ ಮತ್ತೆ ಹಿಡಿದ ಮೀನುಗಳ ಕಲ್ಲುಗಳು ಆ ಪೆಟ್ಟಿಗೆಯಲ್ಲಿವೆ. ಕಲ್ಲಿನಲ್ಲಿ ಬಣ್ಣ ಕೂತ ಗೆರೆಯಿಂದಾಚೆ ಎಷ್ಟು ಸುತ್ತು ಇರಬೇಕೆಂದು ಮೊದಲೇ ಗೊತ್ತು, ಅಲ್ಲಿ ವಾದಕ್ಕೆ ಜಾಗವಿಲ್ಲ. ಮುಖ್ಯಸ್ಥ, "ಅದೆಲ್ಲ ಆಮೇಲೆ ನೋಡೋಣ" ಎಂದ. ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. "ತರ್ಲಿ. ನನಗೇನು ಭಯ?" ಎಂದರು.

ನಮ್ಮ ಕಚೇರಿಯಲ್ಲಿ ಕಲ್ಲು ಕೊಯ್ಯುವವನು ಪೆಟ್ಟಿಗೆ ತಂದ. ಆಕೆ ಇಪ್ಪತ್ತು ಕಲ್ಲು ಓದಿದರು. ಅವನು ಪಟ್ಟಿ ತೆಗೆದು ತಾಳೆ ನೋಡುತ್ತಾ ಹೋದಂತೆ ಅವನ ದನಿ ಸಣ್ಣದಾಯಿತು. ಹನ್ನೊಂದು ತಪ್ಪು, ಎಲ್ಲವೂ ಕಡಿಮೆ. ಅಕ್ಕ ಒಂದು ಗಾಜನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕಣ್ಣು ಮುಚ್ಚಿದರು. ಇನ್ನೊಂದನ್ನು ಮುಚ್ಚಿದರು. ಗಾಜನ್ನು ಮೇಜಿನ ಮೇಲಿಟ್ಟು ಪೆಟ್ಟಿಗೆಯನ್ನು ತಮ್ಮಿಂದ ದೂರ ಸರಿಸಿದರು. ನಾನು ಹದಿನಾಲ್ಕು ವರ್ಷ ಕಾದದ್ದು ಆ ಗಳಿಗೆಗೇ.

ಆದರೆ ಮುಖ್ಯಸ್ಥ ಜೋರಾಗಿ ನಕ್ಕುಬಿಟ್ಟ.

"ನಾಲ್ಕೈದು ವರ್ಷ ಹೆಚ್ಚುಕಡಿಮೆ ಆದ್ರೆ ಏನಾಯ್ತು? ಮೀನೇನು ಹುಟ್ಟುಹಬ್ಬ ಮಾಡ್ಕೊಳುತ್ತಾ? ಇವರ ಕಣ್ಣು ಸರಿಯಿಲ್ಲ ಅಂದ್ರೂ ನಿಮ್ಮ ಕಣ್ಣು ಸರಿಯಿದೆಯಲ್ಲ ಮೇಡಂ? ನೂರ ನಲವತ್ತಕ್ಕೂ ನೀವು ಒಪ್ಪಿ ಸಹಿ ಹಾಕಿದ್ದೀರಿ. ಕೋಷ್ಟಕ ಹೋಗುತ್ತೆ."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಪ್ಪಿ ಸಹಿ ಹಾಕಿದೆ ಎಂದರೆ ಸುಳ್ಳು ವಯಸ್ಸು ಸಭೆಗೆ ಹೋಗುತ್ತದೆ, ಹಡಗುಗಳು ಹೊರಡುತ್ತವೆ. ಗೊತ್ತಿದ್ದೇ ಹಾಕಿದೆ ಎಂದರೆ ನನ್ನ ಒಂದು ಎಣಿಕೆಯನ್ನೂ ಇನ್ನು ಯಾರೂ ನಂಬುವುದಿಲ್ಲ. ನನ್ನ ಬಗೆಗಿನ ಹಳೆಯ ವರದಿಯೂ ಕಡತದಲ್ಲಿದೆ. ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಅಕ್ಕನೂ ನೋಡಿದರು. ಆ ಮಬ್ಬುಗಣ್ಣಿಗೆ ನನ್ನ ಮುಖ ಎಷ್ಟು ಕಂಡಿತೋ, ಆದರೆ ಎಲ್ಲ ಗೊತ್ತಾಯಿತು ಎಂಬುದು ನನಗೆ ಗೊತ್ತಾಯಿತು. ಮುಖ್ಯಸ್ಥನ ಕಡೆ ತಿರುಗಿದರು.

"ಅವಳು ಒಪ್ಪಿ ಹಾಕಿದ ಸಹಿ ಅಲ್ಲ ಅದು. ಮೊದಲ ದಿನವೇ ಹೇಳಿದ್ಲು, ಅಕ್ಕ ಅಂಚು ನಿಮಗೆ ಕಾಣ್ತಿಲ್ಲ ಅಂತ. ನಾನೇ ಕೇಳ್ಲಿಲ್ಲ. ಮನೆಯಲ್ಲಿ ಹಿರಿಯಳು ನಾನು, ಜೋರು ಮಾಡಿ ಸಹಿ ಹಾಕಿಸ್ದೆ. ಅವಳ ಮೊದಲಿನ ಹಾಳೆಗಳಿವೆ, ತೆಗೆದು ನೋಡಿ. ನನ್ನ ಈ ವರ್ಷದ ಓದನ್ನೆಲ್ಲ ವಾಪಸ್ ತಗೊಳ್ತೀನಿ. ಬರೆದುಕೊಳ್ಳಿ."

ಇಬ್ಬರ ಓದು ಇಲ್ಲದ ಕೋಷ್ಟಕ ಸಭೆಗೆ ಹೋಗುವಂತಿಲ್ಲ. ಮುಖ್ಯಸ್ಥ ಕೂಗಾಡಿದ, ಬೇಡಿಕೊಂಡ, ಮತ್ತೆ ಕೂಗಾಡಿದ. ಆಕೆ ಜಗ್ಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳೆಯ ಮಿತಿಯೇ ಇನ್ನೊಂದು ವರ್ಷ ಮುಂದುವರಿಯಲಿ ಎಂಬ ಪತ್ರ ಹೋಯಿತು. ಬೇರೆ ಓದುಗರನ್ನು ಕರೆಸಿ ನನ್ನ ಹಾಳೆಗಳೊಂದಿಗೆ ತಾಳೆ ನೋಡುವುದು ಎಂದಾಯಿತು. ಅಕ್ಕ ತಮ್ಮ ಎಣಿಕೆಯ ಗುಂಡಿಯನ್ನು ಕಪಾಟಿನಲ್ಲಿಟ್ಟು, ಬೀಗದ ಕೈಯನ್ನು ಕಲ್ಲು ಕೊಯ್ಯುವವನ ಕೈಗೆ ಕೊಟ್ಟು ಹೊರಟರು. ಇತ್ತ ಕಚೇರಿಯವರೆಲ್ಲ ನನ್ನ ಸುತ್ತ ಸೇರಿದರು. ಸ್ವಂತ ಓರಗಿತ್ತಿ, ಅದೂ ಹಿರಿಯಳು, ಮುಖಕ್ಕೆ ಹೊಡೆದಂತೆ ಹೇಳುವುದೆಂದರೆ ಎಂಥ ಧೈರ್ಯ ಎಂದರು. ನಾನು ಇಲ್ಲ ಎನ್ನಲಿಲ್ಲ.

ಸಂಜೆ ಮನೆಗೆ ಬಂದಾಗ ಆಕೆ ಮೇಲೆ ಹೋಗುವ ಮೆಟ್ಟಿಲಿನ ಕಂಬಿ ಹಿಡಿದು ನಿಂತಿದ್ದರು.

"ಯಾವಾಗಿಂದ ಗೊತ್ತಿತ್ತು?"

"ಎರಡು ತಿಂಗಳು."

"ನೋಡ್ತಾ ಕೂತಿದ್ದೆ."

"ಹೌದು ಅಕ್ಕ. ಯಾಕೆ ಹಾಗೆ ಹೇಳಿದ್ರಿ?"

"ನಿನಗೋಸ್ಕರ ಅಂದ್ಕೋಬೇಡ. ನಿನ್ನ ಎಣಿಕೆನೂ ಹೋಗಿದ್ರೆ ಆರುನೂರು ಮೀನಿನ ನಿಜವಾದ ವಯಸ್ಸು ಯಾರ ಹತ್ರನೂ ಇರ್ತಿರಲಿಲ್ಲ." ಒಂದು ಮೆಟ್ಟಿಲು ಹತ್ತಿದರು, ನಿಂತರು. "ಎಣಿಕೆ ಸರಿಯಿದೆ. ನೀನು ಸರಿಯಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸ ಸರಿಯಿದೆ ಎಂದು ಆಕೆ ಹೇಳಿದ್ದು ಅದೊಂದೇ ಸಲ. ಕೈ ಹಿಡಿದು ಹತ್ತಿಸಲು ಮುಂದೆ ಹೋದೆ. ಆಕೆ ಕೈ ಕೊಡವಿ, ಮೆಟ್ಟಿಲುಗಳನ್ನು ಕಾಲಿನಿಂದ ತಡವಿಕೊಳ್ಳುತ್ತಾ ಒಬ್ಬರೇ ಮೇಲೆ ಹೋದರು.