ಶೀನಣ್ಣನ ಹಸಿರು ಬೆರಳು

"ಅಮ್ಮಾ, ಶೀನ ತಾತನ ಬೆರಳು ಮಾತ್ರ ಯಾಕೆ ಪಚ್ಚೆ?"

ಮಗಳು ಶ್ರೀಯಾಳ ಬಾಯಿಗೆ ಮೊಸರನ್ನ ಇಡುತ್ತಿದ್ದ ಮಾಧವಿಗೂ ಅದೇ ಕುತೂಹಲ. ಎದುರು ಮನೆಯ ಶೀನಣ್ಣ ಬಣ್ಣ ಬಳಿಯುವವರಂತೂ ಅಲ್ಲ. ಸಂಜೆ ಅವರು ಮೆಟ್ಟಿಲು ಹತ್ತಿ ಬಂದಾಗ ಮಾಧವಿಯೇ ಕೇಳಿಬಿಟ್ಟಳು.

"ಪಾಲಿಅನಿಲಿನ್ ಮಾರಾಯ್ರೆ. ಹಸಿರು ಬಣ್ಣದ್ದು, ಪ್ಲಾಸ್ಟಿಕ್ಕಿನ ಜಾತಿ, ಆದ್ರೆ ಅದ್ರಲ್ಲಿ ಕರೆಂಟು ಹರೀತದೆ. ಸೋಪಿಗೆ ಜಗ್ಗುದಿಲ್ಲ."

ಎಗ್ಮೋರಿನ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು ಶೀನಣ್ಣ. ಹೋಟೆಲು ಮುಚ್ಚಿದಾಗ, ದಿನಾ ತಿಂಡಿಗೆ ಬರುತ್ತಿದ್ದ ಪ್ರೊಫೆಸರೊಬ್ಬರು ತಮ್ಮ ಲ್ಯಾಬಿಗೆ ಅಟೆಂಡರ್ ಕೆಲಸಕ್ಕೆ ಕರೆದರು. ಅಲ್ಲಿ ತಯಾರಾಗುವುದು ಸೂಪರ್‌ಕೆಪಾಸಿಟರ್. ಬ್ಯಾಟರಿಯಂತೆ ಗಂಟೆಗಟ್ಟಲೆ ಕಾಯಿಸದೆ ಗಳಿಗೆಯಲ್ಲಿ ಕರೆಂಟು ತುಂಬಿಕೊಂಡು, ಅಷ್ಟೇ ಬೇಗ ಬಿಟ್ಟುಕೊಡುವಂಥದ್ದು.

"ಈ ಹಸಿರು ಒಂದೇ ಇದ್ರೆ ಕರೆಂಟು ತುಂಬಿ ಬಿಡುವಾಗ ಉಬ್ಬಿ ಕುಗ್ಗಿ ಬಿರುಕು ಬಿಡ್ತದೆ. ಅದಕ್ಕೆ ಮ್ಯಾಂಗನೀಸ್ ಆಕ್ಸೈಡಿನ ಕಪ್ಪು ಪುಡಿ ಸೇರಿಸಿ, ಕಾರ್ಬನ್ ಬಟ್ಟೆ ಮೇಲೆ ತೆಳ್ಳಗೆ ಹರಡುದು. ಅದು ನನ್ನ ಕೆಲಸ."

"ಅಂದ್ರೆ ದೋಸೆ ಹುಯ್ಯೋದು ಇನ್ನೂ ಬಿಟ್ಟಿಲ್ಲ ನೀವು!"

"ಚಟ್ನಿ ಒಂದು ಇಲ್ಲ."

ಆದರೆ ನಗು ಅವರ ಮುಖದಲ್ಲಿ ನಿಲ್ಲಲಿಲ್ಲ. ತಿಂಗಳ ಕೊನೆಗೆ ನಿವೃತ್ತಿ. ಅವರು ಹರಡಿದ್ದು ಐದು ಸಾವಿರ ಸಲ ತುಂಬಿ ಬರಿದಾದರೂ ಬಟ್ಟೆಗೆ ಕಚ್ಚಿಕೊಂಡೇ ಇರುತ್ತದೆ. ಅದೇ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ಪ್ರಣಮ್ಯಾ ಹರಡಿದ್ದು ಎಂಟುನೂರಕ್ಕೇ ಉದುರುತ್ತದೆ. ಅವಳ ನಾಲ್ಕು ವರ್ಷದ ಕೆಲಸವೆಲ್ಲ ಆ ತೆಳು ಪದರದ ಮೇಲೆ ನಿಂತಿದೆ.

"ಹೇಳಿಕೊಡಬಾರದಾ ಅವಳಿಗೆ?"

"ಹೇಳದೆ ಉಂಟಾ? ಹದ ಬರುವವರೆಗೆ ಕಲಸು ಅಂದೆ. ಹದ ಅಂದ್ರೆ ಎಷ್ಟು ನಿಮಿಷ ಅಂತಾಳೆ. ನಿಮಿಷ ನನಗೆಲ್ಲಿ ಗೊತ್ತು?" ಹೇಳುತ್ತಲೇ ಅವರ ಹೆಬ್ಬೆರಳು ತೋರುಬೆರಳನ್ನು ಎರಡು ಸಲ ಉಜ್ಜಿತು.

"ಈಗ ಹದ ನೋಡೋ ಹಾಗೆ ಬೆರಳು ಉಜ್ಜಿದಿರಲ್ಲ, ಅದನ್ನ ಹೇಳಿದ್ರಾ?"

"ನಾನು ಉಜ್ಜಿದೆನಾ?" ಶೀನಣ್ಣ ತಮ್ಮ ಕೈಯನ್ನೇ ಬೇರೆಯವರದೆಂಬಂತೆ ನೋಡಿಕೊಂಡರು.

"ಮತ್ತೆ ಬೆರಳು ಹಸಿರಾಗದೆ ಇನ್ನೇನಾಗುತ್ತೆ? ಆ ಕೆಮಿಕಲ್ಲನ್ನ ಬರಿಗೈಯಲ್ಲಿ ಮುಟ್ತಾರಾ ಶೀನಣ್ಣ!"

"ಗ್ಲೌಸ್ ಹಾಕು ಅಂತ ಆ ಹುಡುಗಿಗೆ ದಿನಾ ಬೈಯುದು ನಾನೇ," ಎಂದು ಮೆಲ್ಲಗೆ ಹೇಳಿದರು. ಆಮೇಲೆ ಕಿಟಕಿಯ ಕಟ್ಟೆ ಮೇಲಿದ್ದ ಮಾಧವಿಯ ಡೈರಿಯತ್ತ ಕಣ್ಣು ಹಾಯಿಸಿದರು. ಮಗುವಿಗೆ ಜ್ವರ ಏರಿದ್ದು, ಇಳಿದದ್ದು, ಯಾವ ಹಲ್ಲು ಯಾವತ್ತು ಬಂತು, ಎಲ್ಲ ದಿನ, ಗಂಟೆ ಸಮೇತ ಅದರಲ್ಲಿ ಬರೆದಿತ್ತು.

"ಮಾಧವಿಯಮ್ಮ, ಒಂದು ಉಪಕಾರ ಆಗ್ಬೇಕಿತ್ತು. ಶನಿವಾರ ಲ್ಯಾಬಿಗೆ ಬನ್ನಿ, ಪ್ರೊಫೆಸರರಿಗೆ ನಾನು ಹೇಳ್ತೇನೆ. ಗ್ಲೌಸ್ ಹಾಕಿಯೇ ಮಾಡ್ತೇನೆ, ಆಯ್ತಾ? ಗಡಿಯಾರ ಇಟ್ಕೊಂಡು ಪಕ್ಕದಲ್ಲಿ ಕೂತು ಆ ಹುಡುಗಿಗೋಸ್ಕರ ಬರೀರಿ. ನಾನು ಹೇಳಿದ್ದನ್ನಲ್ಲ, ನನ್ನ ಕೈ ಮಾಡಿದ್ದನ್ನು."