ಆ ಕೆಂಪು ದೀಪ ಹತ್ತಲೇ ಇಲ್ಲ

ಹನುಮಂತ, ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಜೀಪಿನ ಆಯಿಲ್ ದೀಪ ಅವತ್ತು ಹತ್ತಲೇ ಇಲ್ಲ — ಹತ್ತದ ಹಾಗೆ ಮಾಡಿದವನು ನಾನು. ಒಂಬತ್ತು ವರ್ಷ ಈ ಮಾತನ್ನು ನುಂಗಿಕೊಂಡು ಕೂತಿದ್ದೇನೆ. ನೀನು ನನ್ನನ್ನು ಕಾಕಾ ಎಂದು ಕರೆದಾಗಲೆಲ್ಲ ಅದು ಗಂಟಲ ತನಕ ಬಂದು ಮತ್ತೆ ಒಳಗೇ ಹೋಗಿದೆ.

ನನ್ನ ದೊಡ್ಡಸ್ತಿಕೆ ನಿನಗೆ ಗೊತ್ತು. ದೇವದುರ್ಗದಲ್ಲಿ ಮಹಿಬೂಬನ ಗ್ಯಾರೇಜು ಎಂದರೆ ಎಂಜಿನ್ನಿನ ಸಪ್ಪಳ ಕೇಳಿಯೇ ರೋಗ ಹೇಳುವ ಗ್ಯಾರೇಜು. ಜನ ಹಾಗೆ ಹೇಳುತ್ತಿದ್ದರು, ನಾನು ಹೇಳಿಸಿಕೊಳ್ಳುತ್ತಿದ್ದೆ. ನೀನು ಆಗ ಶರಣಪ್ಪ ಧಣಿಯ ಜೀಪು ಓಡಿಸುತ್ತಿದ್ದೆ, ದೇವದುರ್ಗದಿಂದ ರಾಯಚೂರಿಗೆ ದಿನಕ್ಕೆ ಎರಡು ಸಲ. ಗಾಡಿ ಚೆನ್ನಾಗಿ ಕಾದ ಮೇಲೆ, ನಿಂತಲ್ಲಿ ಎಂಜಿನ್ ಗುರುಗುಡುವಾಗ ಮಾತ್ರ ಕೆಂಪು ದೀಪ ಮಿಣುಕುತ್ತದೆ ಎಂದು ನೀನಾಗಿಯೇ ಗಾಡಿ ತಂದೆ. ಅಷ್ಟು ಸಣ್ಣದನ್ನು ಗಮನಿಸುವ ಡ್ರೈವರು ಆ ದಾರಿಯಲ್ಲಿ ಇನ್ನೊಬ್ಬ ಇರಲಿಲ್ಲ. ಇದನ್ನು ನಿನಗೆ ಅಂದೇ ಹೇಳಬೇಕಿತ್ತು.

ನಾನು ಕಡ್ಡಿ ಎಳೆದು ನೋಡಿದೆ. ಆಯಿಲ್ ಭರ್ತಿ ಇತ್ತು. “ಸೆನ್ಸರ್ ಹೋಗ್ಯಾದ,” ಎಂದೆ — ಚಹಾ ಕುಡಿಯುತ್ತ ನಿಂತ ನಾಲ್ಕು ಜನರ ಮುಂದೆ, ಗಟ್ಟಿಯಾಗಿ. ಹಾಗೆ ಹೇಳುವ ಮೊದಲು ಮಾಡಬೇಕಾದ ಕೆಲಸವೊಂದಿತ್ತು. ಎಣ್ಣೆಯ ಒತ್ತಡ ಇಳಿದರೆ ದೀಪ ಹತ್ತಿಸುವ ಆ ಸೆನ್ಸರ್ ಬಿಚ್ಚಿ, ಅದೇ ಜಾಗದಲ್ಲಿ ಪ್ರೆಶರ್ ಗೇಜು ಕೂರಿಸಿ, ಎಂಜಿನ್ ಕಾಯಿಸಿ, ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಮುಳ್ಳು ಮೇಲೆ ನಿಂತರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಮುಳ್ಳು ಕೆಳಗೆ ಬಿದ್ದರೆ ಸೆನ್ಸರ್ ಹೇಳಿದ್ದೇ ನಿಜ, ಎಂಜಿನ್ನಿಗೆ ಎಣ್ಣೆ ಏರುತ್ತಿಲ್ಲ. ನನ್ನ ಗೇಜು ಮಾನ್ವಿಯ ಒಬ್ಬ ಮಿಸ್ತ್ರಿಯ ಹತ್ತಿರ ಉಳಿದಿತ್ತು. ತರಿಸಬಹುದಿತ್ತು — ಅರ್ಧ ದಿನದ ಮಾತು. ಆದರೆ ಕಿವಿಯಿಂದಲೇ ರೋಗ ಹೇಳುವವನಿಗೆ ಗೇಜು ಯಾಕೆ?

ಹೊಸ ಸೆನ್ಸರ್ ಹಾಕಿದೆ. ಅಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು, ದೀಪ ಆರಿತು. ನೀನು ರಾಯಚೂರಿಗೆ ಹೋಗಿ ಸಂಜೆ ವಾಪಸು ಬಂದೆ.

“ಕಾಕಾ, ಮತ್ತ ಹತ್ತಾಕತ್ತದರೀ.”

ಅದೇ ನಾಲ್ಕು ಜನ ಅಲ್ಲೇ ಇದ್ದರು. ಒಬ್ಬ ನಕ್ಕ. ಮರುದಿನ ಬೆಳಿಗ್ಗೆ ಮಲ್ಲಟಕ್ಕೆ ಮದುವೆಯ ಜನರನ್ನು ಒಯ್ಯಬೇಕು, ಗಾಡಿ ಈಗಲೇ ಬೇಕು ಎಂದು ಧಣಿ ಎರಡು ಸಲ ಫೋನು ಮಾಡಿದ್ದರು. ನನಗೆ ಸಿಟ್ಟು ಬಂತು — ನಿನ್ನ ಮೇಲೆ, ಹನುಮಂತ, ನಿಜ ಹೇಳಿದ ನಿನ್ನ ಮೇಲೆ. ನಿನ್ನನ್ನು ಚಹಾ ತರಲು ಕಳಿಸಿದೆ. ಆಯಿಲ್ ದೀಪದ ವೈರನ್ನು ಸೆನ್ಸರಿನಿಂದ ಕಿತ್ತು ಬ್ಯಾಟರಿ ಚಾರ್ಜಿಂಗ್ ದೀಪದ ವೈರಿಗೆ ಜೋಡಿಸಿ ಟೇಪು ಸುತ್ತಿದೆ. ಇನ್ನು ಚಾವಿ ತಿರುಗಿಸಿದರೆ ಎರಡೂ ದೀಪ ಹತ್ತುತ್ತವೆ, ಎಂಜಿನ್ ಶುರುವಾದ ಕೂಡಲೇ ಎರಡೂ ಆರುತ್ತವೆ. ಎಣ್ಣೆ ಏರಲಿ ಬಿಡಲಿ, ದೀಪಕ್ಕೆ ಗೊತ್ತಾಗುವುದಿಲ್ಲ. ಈ ಚಾಲಾಕಿ ನಮ್ಮ ಕಸುಬಿನಲ್ಲಿ ಹಲವರಿಗೆ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ.

ನೀನು ಚಹಾ ತಂದೆ, ಚಾವಿ ತಿರುಗಿಸಿದೆ. ದೀಪ ಹತ್ತಿ ಆರಿತು. “ನಿಮ್ಮ ಕೈಗುಣ ಬಿಡ್ರಿ ಕಾಕಾ,” ಎಂದು ನಕ್ಕೆ.

ಎರಡು ದಿನದಲ್ಲಿ ಗೇಜು ತರಿಸಿ ಸರಿಯಾಗಿ ನೋಡಬೇಕು ಎಂದುಕೊಂಡಿದ್ದೆ. ಅಂದುಕೊಂಡಿದ್ದು ಖರೆ, ಮಾಡಿದ್ದಿಲ್ಲ. ಹತ್ತು ಹನ್ನೆರಡು ದಿನ ಕಳೆದಿರಬೇಕು. ರಾಯಚೂರಿನ ದಾರಿಯಲ್ಲಿ ಗಬ್ಬೂರು ದಾಟಿದ ಮೇಲೆ ಎಂಜಿನ್ ಜಾಮ್ ಆಗಿ ಗಾಡಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ ಎಂದು ಎಲ್ಲರೂ ದೇವರಿಗೆ ಕೈ ಮುಗಿದರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ನನ್ನ ಗ್ಯಾರೇಜಿಗೇ ತಂದರು. ಯಾರಿಗೂ ಕಾಣದ ಹಾಗೆ ಮೊದಲು ನಾನು ಮಾಡಿದ್ದು ಆ ಟೇಪು ಬಿಚ್ಚಿ ವೈರನ್ನು ಸೆನ್ಸರಿಗೆ ಸಿಕ್ಕಿಸಿದ್ದು. ಎಂಜಿನ್ ಬಿಚ್ಚಿದಾಗ ಆಯಿಲ್ ಪಂಪಿನ ಎಣ್ಣೆ ಸೋಸುವ ಜಾಲರಿಗೆ ಹೊಲಸು ಕಟ್ಟಿ ತೂತೆಲ್ಲ ಮುಚ್ಚಿತ್ತು. ನೀನು ತೋರಿಸಿದ ದೀಪ ಅದನ್ನೇ ಹೇಳುತ್ತಿತ್ತು.

ಧಣಿ ನನ್ನನ್ನು ಕೇಳಿದರು. “ಮಹಿಬೂಬ, ದೀಪ ಹತ್ತಿರಬೇಕಲ್ಲೋ?”

ನಾನು ನಿನ್ನ ಮುಖ ನೋಡದೆ ಹೇಳಿದೆ: “ಹತ್ತಿರ್ತದ ಧಣಿ. ಇಂವ ನೋಡಿರಂಗಿಲ್ಲ.”

ನೀನು ಜಗಳವಾಡುತ್ತೀ ಎಂದುಕೊಂಡಿದ್ದೆ. ಜಗಳವಾಡಿದ್ದರೆ — ಯಾರಿಗೆ ಗೊತ್ತು, ನನ್ನ ಬಾಯಿ ತಪ್ಪಿಯಾದರೂ ನಿಜ ಬರುತ್ತಿತ್ತೇನೋ.  ನೀನು ಮೆಲ್ಲಗೆ, “ನೋಡಲಿಲ್ಲೇನೋ ಕಾಕಾ ನಾ,” ಎಂದೆ. ಆ ಘಳಿಗೆಯಿಂದ ನಾನು ಸಿಕ್ಕಿಬಿದ್ದಿದ್ದೇನೆ. ನನ್ನ ಸುಳ್ಳನ್ನು ಊರು ನಂಬಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನೇ ನಂಬಿಬಿಟ್ಟೆ.

ಧಣಿ ನಿನ್ನನ್ನು ಕೆಲಸದಿಂದ ಬಿಡಿಸಿದರು. ನಿದ್ದೆಗಣ್ಣಿನ ಡ್ರೈವರು ಎಂದು ಹೆಸರು ಬಿತ್ತು, ಬೇರೆ ಯಾರೂ ಗಾಡಿ ಕೊಡಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನಿನ್ನ ಮಾನ ಹೋಗಿದ್ದು ಗೇಣುದ್ದದ ವೈರಿಗೆ. ರಾಯಚೂರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದೆ. “ಡಾಕ್ಟರ್ ಕಣ್ಣು ಚಲೋ ಅದಾವ ಅಂತಾರ ಕಾಕಾ. ಹಂಗಾರ ನನ್ನ ತಲಿನೇ ಸರಿ ಇಲ್ಲ,” ಎಂದೆ. ನಾನು ಸ್ಪ್ಯಾನರ್ ಒರೆಸುತ್ತ ಕೂತಿದ್ದೆ. ಆಮೇಲೆ ನೀನು ರಾಯಚೂರಿನ ಹತ್ತಿ ಮಿಲ್ಲಿಗೆ, ಹತ್ತಿ ತುಂಬಿದ ಅಂಡಿಗೆ ಹೊರಲು, ಸೇರಿದೆ. ಸ್ಟೇರಿಂಗ್ ಮತ್ತೆ ಮುಟ್ಟಲಿಲ್ಲ.

ಹೋದ ತಿಂಗಳು ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕೆಯಲ್ಲ, ಇಬ್ಬರೂ ಒಂದೇ ಬಸ್ಸು ಹತ್ತಿದೆವು. ನನ್ನ ಪಕ್ಕ ಜಾಗವಿತ್ತು. ನೀನು ಕೂರಲಿಲ್ಲ. ಮುಂದೆ ಡ್ರೈವರನ ಹಿಂದಿನ ಕಂಬ ಹಿಡಿದು ನಿಂತೆ. ಬಾ ಎಂದು ಕರೆದರೆ, “ನೀವು ಕುಂದರ್ರಿ ಕಾಕಾ. ದೀಪ ಒಬ್ಬರರ ನೋಡಬೇಕಲ್ಲ,” ಎಂದೆ. ದೇವದುರ್ಗದ ತನಕ ನಿನ್ನ ಕಣ್ಣು ಆ ದೀಪಗಳ ಮೇಲಿನಿಂದ ಕದಲಲಿಲ್ಲ. ನಾನು ನಿನ್ನ ಬೆನ್ನು ನೋಡುತ್ತ ಕೂತೆ. ಗಬ್ಬೂರು ಬಂದಾಗ ಇಳಿದು ಓಡಬೇಕೆನಿಸಿತು. ಎಲ್ಲಿಗೆ ಓಡಲಿ?

ಮೊನ್ನೆ ಧೈರ್ಯ ಮಾಡಿ ಧಣಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. “ಹೋಗ್ಲಿ ಬಿಡೋ ಮಹಿಬೂಬ, ಯಾವ ಕಾಲದ್ದು ತೆಗದಿ. ಆ ಗಾಡಿ ಗುಜರಿಗಿ ಹೋಗಿ ಎಷ್ಟೋ ವರ್ಷಾತು. ಈಗ ಯಾರಿಗಿ ನೆನಪದ?” ಎಂದು ನಕ್ಕರು. ಆ ನಾಲ್ಕು ಜನರಿಗೂ ಹೇಳಿದೆ, ಅವರೂ ಮರೆತಿದ್ದರು. ಇಡೀ ಊರಿನಲ್ಲಿ ಅದನ್ನು ಇನ್ನೂ ನೆನಪಿಟ್ಟುಕೊಂಡವರು ಇಬ್ಬರೇ, ಹನುಮಂತ. ಅವರಲ್ಲಿ ಒಬ್ಬನಿಗೆ ನಡೆದದ್ದು ಗೊತ್ತಿಲ್ಲ.

ಅಂದು ಬಿಚ್ಚಿದ ಹಳೆಯ ಸೆನ್ಸರ್ ನನ್ನ ಹತ್ತಿರ ಇದೆ. ಗಾಡಿ ಜಾಮ್ ಆದ ಮೇಲೆ ಗೇಜು ತರಿಸಿ ಅದನ್ನು ಬೇರೆ ಎಂಜಿನ್ನಿಗೆ ಹಾಕಿ ನೋಡಿದ್ದೆ. ಅದರಲ್ಲಿ ದೋಷವೇ ಇರಲಿಲ್ಲ. ಭಾನುವಾರ ನೀನು ಊರಿಗೆ ಬರುವ ಬಸ್ಸಿಗೆ ನಾನೂ ರಾಯಚೂರಿನಲ್ಲಿ ಹತ್ತುತ್ತೇನೆ, ಈ ಕಾಗದವನ್ನೂ ಆ ಸೆನ್ಸರನ್ನೂ ನಿನ್ನ ಕೈಗೆ ಕೊಡುತ್ತೇನೆ. ಓದಿ ನೀನು ಬೈದರೆ, ಹೊಡೆದರೆ, ನಾನು ಕೈ ಅಡ್ಡ ತರುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ಆದರೆ ಅವತ್ತು ನೀನು ಸೀಟಿನಲ್ಲಿ ಕೂತುಕೋ, ಹನುಮಂತ. ಮುಂದೆ ಹೋಗಿ ನಿಲ್ಲುವವನು ನಾನು.