ಮೂರು ಪುಟ ಮುಂದೆ ಹೋದ ನೂಲು

ಏಪ್ರಿಲ್ ತಿಂಗಳಲ್ಲಿ, ಊರಿಗೂರೇ ಚಳಿಗಾಲದ ಲೆಕ್ಕಕ್ಕೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಭಾನುವಾರ ಉಬೆರ್ಲಿಂದಾ ಬಾರ್ರಿಯಾ ಆ ವರ್ಷದ ಪಟ್ಟಿ ಬರೆಯಲು ಕೂತಳು. ಸೇಬು ಹಿಂಡಿ ಮುಗಿದಿತ್ತು, ಆಲೂಗೆಡ್ಡೆ ಅಟ್ಟ ಸೇರಿತ್ತು. ಇನ್ನು ದಿನದಿಂದ ದಿನಕ್ಕೆ ಬೇಗ ಕತ್ತಲಾಗುತ್ತದೆ, ಮಳೆ ಹಿಡಿದರೆ ಬಿಡುವುದಿಲ್ಲ, ದಕ್ಷಿಣ ಚಿಲಿಯ ಚಿಲೊಯೆ ದ್ವೀಪದ ಆ ದಂಡೆಯಲ್ಲಿ ಒಲೆ ಬಿಟ್ಟು ಕದಲುವವರು ಯಾರೂ ಇರುವುದಿಲ್ಲ. ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಅವಳು ಏಳು ಪುಸ್ತಕಗಳ ಹೆಸರು ಬರೆದಳು. ಎಲ್ಲವೂ ಊರಿನ ಸಭಾಮನೆಯ ಕಪಾಟಿನವು. ಸೆಪ್ಟೆಂಬರಿಗೆ ಮುಗಿಯಬೇಕು.

ಓದುವುದೆಂದರೆ ಅವಳ ಮನೆಯಲ್ಲಿ ಗಟ್ಟಿಯಾಗಿ ಓದುವುದು. ಗಂಡ ಅರ್ಸೆನಿಯೊ ಎಂಟನೇ ವಯಸ್ಸಿಗೇ ದೋಣಿ ಹತ್ತಿದವನು, ಅವನಿಗೆ ಅಕ್ಷರ ಗೊತ್ತಿರಲಿಲ್ಲ. ಸಂಜೆ ಆರೂವರೆಗೆ ಅವಳು ಕನ್ನಡಕ ಹಾಕುತ್ತಿದ್ದಳು, ಅವನು ಮಾತೆ ಎಲೆಯ ಕಷಾಯಕ್ಕೆ ನೀರು ಕಾಯಿಸುತ್ತಿದ್ದ. ಒಂದು ಗಂಟೆ ಅವಳು ಓದುವುದು, ಅವನು ಕಣ್ಣು ಮುಚ್ಚಿ ಕೇಳುವುದು. ಹದಿನೆಂಟು ಚಳಿಗಾಲ ಹೀಗೇ ಕಳೆದಿದ್ದವು.

ಎರಡನೇ ಪುಸ್ತಕ ಒಂದು ಸರಕು ಹಡಗಿನ ಕಥೆ. ಓದು ಅರ್ಧಕ್ಕೆ ಬಂದಿದ್ದ ಒಂದು ಸಂಜೆ ಅರ್ಸೆನಿಯೊ ಒಲೆಗೆ ಸೌದೆ ತುರುಕುತ್ತಾ, "ಈ ಫೌಸ್ತೊ ಅನ್ನೋನು ವಾಪಸ್ ಬರಲ್ಲ, ಅಲ್ವಾ?" ಅಂದ.

ಉಬೆರ್ಲಿಂದಾಳ ಬೆರಳು ಸಾಲಿನ ಮೇಲೇ ನಿಂತಿತು. ಫೌಸ್ತೊ ಆಗಿನ್ನೂ ಬಂದರಿನಲ್ಲಿ ಕೂತು ಇಸ್ಪೀಟು ಆಡುತ್ತಿದ್ದ. "ನಿನಗೆ ಯಾರು ಹೇಳಿದ್ರು?"

"ಯಾರು ಹೇಳ್ತಾರೆ? ಹಾಗನ್ನಿಸ್ತು."

ಅವಳು ಪುಟದ ನಡುವೆ ನೀಲಿ ಉಣ್ಣೆಯ ನೂಲಿಟ್ಟು ಪುಸ್ತಕ ಮುಚ್ಚುವಾಗ ಪುಟದ ಸಂಖ್ಯೆಯನ್ನು ಎರಡು ಸಲ ನೋಡಿಕೊಂಡಳು. ನೂರ ಹನ್ನೆರಡು.

ಮರುದಿನ ಸಂಜೆ ನೂಲು ನೂರ ಹದಿನೈದರಲ್ಲಿತ್ತು.

ಅಂದಿನಿಂದ ಅವಳ ತಲೆಗೆ ಹುಳ ಹೊಕ್ಕಿತು. ಮನೆಯಲ್ಲಿ ಇರುವವರು ಇಬ್ಬರೇ. ಒಬ್ಬಳಿಗೆ ಓದಲು ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ಹಾಗಾದರೆ ಪುಸ್ತಕ ತೆರೆದವರು ಯಾರು? ಅವಳು ತನ್ನ ಬಿಳಿ ಕೂದಲೊಂದನ್ನು ಕಿತ್ತು ಹಾಳೆಗಳ ನಡುವೆ ಇಟ್ಟು ನೋಡಿದಳು. ಮೊಟ್ಟೆ ಕೊಟ್ಟು ಅಂಗಡಿಯಿಂದ ಬರುವಷ್ಟರಲ್ಲಿ ಕೂದಲು ಮಾಯ. ಪುಸ್ತಕವನ್ನು ಮೂಗಿಗೆ ಹಿಡಿದಳು. ಹೊಗೆಯಲ್ಲಿ ಒಣಗಿಸಿದ ಚಿಪ್ಪಿನ ಮಾಂಸದ ವಾಸನೆ. ಅವರ ಮನೆಯಲ್ಲಿ ಆ ವರ್ಷ ಯಾರೂ ಚಿಪ್ಪು ಒಣಗಿಸಿರಲಿಲ್ಲ. ಇಡೀ ದಂಡೆಯಲ್ಲಿ ಒಣಗಿಸುತ್ತಿದ್ದವಳು ದಿಬ್ಬದ ಮೇಲಿನ ಸುನಿಲ್ದಾ ಒಬ್ಬಳೇ. ಗಂಡ ಸತ್ತು ನಾಲ್ಕು ವರ್ಷವಾದರೂ ಚರ್ಚಿನ ಪೂಜೆಗೆ ಹೋಗುವಾಗ ತುಟಿಗೆ ಬಣ್ಣ ಬಳಿಯುವ ಹೆಂಗಸು.

ಅರ್ಸೆನಿಯೊ ವಾರಕ್ಕೆ ಮೂರು ಮಧ್ಯಾಹ್ನ ಬೇಲಿ ಸರಿಮಾಡುತ್ತೇನೆಂದು ಹೋಗುತ್ತಿದ್ದದ್ದು ಆ ದಿಬ್ಬದ ಕಡೆಗೇ.

"ಎಷ್ಟು ಉದ್ದದ ಬೇಲಿನೋ ಅದು?" ಎಂದು ಅವಳು ಗುರುವಾರ ಕೇಳಿದಳು. "ವಾರಗಟ್ಟಲೆಯಿಂದ ಕಟ್ತಾ ಇದ್ದೀಯ. ಸಮುದ್ರಕ್ಕೂ ಬೇಲಿ ಹಾಕ್ತೀಯೇನೊ?"

"ಕುರಿ ನುಗ್ತಾವೆ ಕಣೇ," ಎಂದು ಅವನು ದಪ್ಪ ಉಣ್ಣೆಯ ಕೋಟು ತೊಟ್ಟ. ಕೋಟಿನ ಎಡಗಡೆ ಚೌಕಾಕಾರವಾಗಿ ಉಬ್ಬಿತ್ತು.

ಅವಳು ನೂರು ಹೆಜ್ಜೆ ಹಿಂದೆ ನಡೆದಳು. ಮಳೆ ತೂರುತ್ತಿತ್ತು. ಬೇಲಿ ನೆಟ್ಟಗೇ ನಿಂತಿತ್ತು, ಒಂದು ಗೂಟವೂ ವಾಲಿರಲಿಲ್ಲ. ಸುನಿಲ್ದಾಳ ಅಡುಗೆಮನೆಯ ಕಿಟಕಿಯ ಕೆಳಗೆ ಬಂದು ನಿಂತಾಗ ಒಳಗಿನಿಂದ ಹೆಣ್ಣುದನಿ ಕೇಳಿಸಿತು, ತಡವರಿಸುತ್ತಾ ಏರುತ್ತಾ ಇಳಿಯುತ್ತಾ. ಸರಸದ ಮಾತೇ ಇರಬೇಕೆಂದು ಅವಳು ಕಿವಿ ನಿಮಿರಿಸಿದಳು.

"ಅಲೆ ಫೌಸ್ತೊನನ್ನು ಹಲಗೆಯಿಂದ ಕಿತ್ತು ಎಳೆದೊಯ್ದಿತು," ಎಂದು ಸುನಿಲ್ದಾ ಓದುತ್ತಿದ್ದಳು. "ಅವನ ಹೆಸರು ಹಿಡಿದು ಕೂಗಿದವರಿಗೆ ನೀರು ಉತ್ತರ ಕೊಡಲಿಲ್ಲ."

ಬಾಗಿಲು ದೂಡಿಕೊಂಡು ಉಬೆರ್ಲಿಂದಾ ಒಳಗೆ ನುಗ್ಗಿದಳು. ಗಂಡ ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಚರ್ಚಿನಲ್ಲಿ ಕೂತವನಂತೆ ಕೂತಿದ್ದ.

"ನನ್ನ ಪುಸ್ತಕ ತಂದು ಇವಳ ಮಡಿಲಿಗೆ ಹಾಕ್ತೀಯಾ? ನನ್ನ ದನಿ ಸಾಕಾಯ್ತಾ ನಿನಗೆ?"

ಸುನಿಲ್ದಾ ಎದ್ದು ನಿಂತಳು. "ಅಮ್ಮಣ್ಣಿ, ಮೊದಲು ಕೂತ್ಕೊ. ಆಲೂಗೆಡ್ಡೆ ಚಪಲೇಲೆ ರೊಟ್ಟಿ ಬಿಸಿಯಾಗಿದೆ, ತಿನ್ನು. ಆಮೇಲೆ ಬೈಯುವಂತೆ."

"ನಿನ್ನ ರೊಟ್ಟಿ ನೀನೇ ತಿನ್ನು!"

ಅರ್ಸೆನಿಯೊ ಮಾತ್ರ ದನಿ ಏರಿಸಲಿಲ್ಲ. "ನೀನು ನಂಗೆ ಮೋಸ ಮಾಡ್ತಾ ಇದ್ದೀಯ ಅಂತ ನಂಗೆ ಅನುಮಾನ ಬಂತು, ಮುದುಕೀ," ಅಂದ.

"ನಾನು? ನಿನಗೆ?"

"ಹೋದ ವರ್ಷ ದೋಣಿಯಲ್ಲಿ ಒಬ್ಬ ಮೇಷ್ಟ್ರು ಸಿಕ್ಕಿದ್ದ. ನಾವು ಓದಿದ ಪುಸ್ತಕದ ಮಾತು ಬಂತು, ಆ ಅಣ್ಣತಮ್ಮಂದಿರದ್ದು. ಕೊನೇಲಿ ಇಬ್ಬರೂ ಬಂದರಿನಲ್ಲಿ ಬೇಕರಿ ಇಟ್ರು ಅಂತ ನಾನಂದೆ. ಅವನು ಬಿದ್ದು ಬಿದ್ದು ನಕ್ಕ. ಯಾವ ಬೇಕರಿ ಮಾರಾಯ, ಇಬ್ಬರೂ ಮುಳುಗಿ ಸಾಯ್ತಾರೆ ಅಂದ. ದೋಣಿಗೆ ದೋಣಿಯೇ ನನ್ನ ನೋಡಿ ನಗ್ತು. ಆವತ್ತಿಂದ ಲಕ್ಷ್ಯ ಇಟ್ಟೆ. ಬಿರುಗಾಳಿ ಎದ್ದ ತಕ್ಷಣ ನೀನು ಹಾಳೆ ಜೋರಾಗಿ ಮಗುಚ್ತೀಯ. ನಿನ್ನ ದನಿ ಬದಲಾಗುತ್ತೆ."

ಉಬೆರ್ಲಿಂದಾ ಕೂರಬಾರದೆಂದುಕೊಂಡ ಕುರ್ಚಿಯಲ್ಲೇ ಕೂತಳು.

ಹನ್ನೊಂದು ವರ್ಷದ ಹಿಂದೆ ಅರ್ಸೆನಿಯೊನ ತಮ್ಮ ನೊಲ್ಬೆರ್ತೊ ದ್ವೀಪಗಳ ನಡುವಿನ ಕಡಲ ಕಾಲುವೆಯಲ್ಲಿ ದೋಣಿ ಸಮೇತ ಮುಳುಗಿದ್ದ. ಹೆಣ ಸಿಗಲಿಲ್ಲ. ಆ ಚಳಿಗಾಲ ಅವಳು ಓದುತ್ತಿದ್ದ ಕಥೆಯಲ್ಲಿ ಒಬ್ಬ ಮೀನುಗಾರ ನೀರುಪಾಲಾದಾಗ ಗಂಡ ಎದ್ದು ಹೊರಗೆ ಹೋಗಿ ಮಳೆಯಲ್ಲಿ ನಿಂತಿದ್ದ, ಕರೆದರೂ ಬಂದಿರಲಿಲ್ಲ. ಮಾರನೇ ದಿನ ಅವಳು ಆ ಮೀನುಗಾರನನ್ನು ದಡಕ್ಕೆ ಈಜಿಸಿದಳು. ಅಲ್ಲಿಂದ ಮುಂದೆ ಅವಳ ದನಿಯಲ್ಲಿ ನೀರಿಗೆ ಬಿದ್ದ ಯಾರೂ ಸಾಯಲಿಲ್ಲ.

"ನಿನಗೆ ನೋವಾಗಬಾರದು ಅಂತ," ಎಂದಳು.

"ನಾನೇನು ಮಗುವಾ? ದೋಣೀಲಿ ನಗೆಪಾಟಲಾದಾಗ ನೋವಾಗಲ್ವಾ?"

ಮೂರು ಸಂಜೆ ಆ ಮನೆಯಲ್ಲಿ ಓದು ನಡೆಯಲಿಲ್ಲ. ಒಲೆಯ ಈ ಬದಿಗೊಬ್ಬರು, ಆ ಬದಿಗೊಬ್ಬರು. ಗಂಡ ಹೇಳಿದ್ದು ನಿಜವೆಂದು ಗೊತ್ತಿದ್ದರೂ ಅವಳ ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು: ಓದಿಸಿಕೊಳ್ಳುವುದಕ್ಕೆ ಊರಲ್ಲಿ ಪಾದ್ರಿ ಇದ್ದ, ಅಂಗಡಿಯವನಿದ್ದ. ತುಟಿಗೆ ಬಣ್ಣ ಬಳಿಯುವವಳೇ ಏಕೆ ಬೇಕಾಯಿತು? ಅವನೂ ಅವಳತ್ತ ಓರೆಗಣ್ಣಿನಿಂದ ನೋಡುತ್ತಿದ್ದ, ಹದಿನೆಂಟು ವರ್ಷ ಕೇಳಿದ್ದರಲ್ಲಿ ಯಾವುದು ಪುಸ್ತಕದ್ದು, ಯಾವುದು ಹೆಂಡತಿಯದು ಎಂದು ಒಂದೊಂದಾಗಿ ಅಲ್ಲಾಡಿಸಿ ನೋಡುವವನಂತೆ.

ನಾಲ್ಕನೇ ಸಂಜೆ ಅವನೇ ಪುಸ್ತಕ ತಂದು ಅವಳ ಮುಂದಿಟ್ಟ. "ನೀರಿನ ಭಾಗ ಓದು. ಇದ್ದ ಹಾಗೆ."

ಅವಳು ಓದಿದಳು. ಒಂದು ಸಾಲನ್ನೂ ಬಿಡಲಿಲ್ಲ. ಅಲೆಯ ಮೇಲೆ ಫೌಸ್ತೊನ ಎರಡು ಕೈ ಎದ್ದು ಬೀಸಿದವು, ಆಮೇಲೆ ಕಾಣಲಿಲ್ಲ. ಅವಳು ತಲೆ ಎತ್ತಿದಾಗ ಅರ್ಸೆನಿಯೊ ಹೊರಗೆ ಹೋಗಿರಲಿಲ್ಲ.

"ಇದನ್ನ ಬರೆದವನು ನೀರು ಕಂಡಿಲ್ಲ," ಅಂದ. "ನಮ್ಮ ಕಾಲುವೆ ಚಳಿಗೆ ಕೈ ಮೇಲೇಳಲ್ಲ. ನೊಲ್ಬೆರ್ತೊ ಕೈ ಎತ್ತಲೇ ಇಲ್ಲ. ಸುಮ್ನೆ ನನ್ನೇ ನೋಡ್ತಾ ಇದ್ದ."

ಅವಳು ಪುಸ್ತಕ ಮುಚ್ಚಿದಳು. "ನೀನು ದೂರದ ದೋಣಿಯಲ್ಲಿದ್ದೆ ಅಂದಿದ್ದೆಯಲ್ಲ?"

"ಹುಟ್ಟು ಚಾಚಿದ್ರೆ ಸಿಗ್ತಿತ್ತು. ಚಾಚಿದೆ. ಅವನ ಬೆರಳು ಮಡಚಲಿಲ್ಲ."

ಹನ್ನೊಂದು ವರ್ಷ ಯಾರಿಗೂ ಹೇಳದ ಮಾತು. ಅವಳು ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಲೆಯ ಮೇಲೆ ನೀರು ಕುದಿದು ಕುದಿದು ಬತ್ತಿತು.

ಆ ಚಳಿಗಾಲ ಏಳರಲ್ಲಿ ನಾಲ್ಕೇ ಪುಸ್ತಕ ಮುಗಿದವು. ಗಾಳಿ ಎದ್ದಲ್ಲೆಲ್ಲ ಅರ್ಸೆನಿಯೊ ಅವಳ ಓದು ತಡೆದು, ಹಾಯಿ ಹಾಗಲ್ಲ ಹೀಗೆ ಇಳಿಸಬೇಕಿತ್ತೆಂದು ಬರೆದವನ ಜೊತೆ ಜಗಳಕ್ಕೆ ಬೀಳುತ್ತಿದ್ದ. ಹಾಳೆ ಜೋರಾಗಿ ಮಗುಚಿತೆಂದು ಕಂಡರೆ, "ಹಿಂದಕ್ಕೆ ಹೋಗು, ಇನ್ನೊಂದ್ಸಲ," ಎನ್ನುತ್ತಿದ್ದ. ಗುರುವಾರ ಸುನಿಲ್ದಾಳನ್ನೂ ಕರೆಯುವುದೆಂದಾಯಿತು. ಕರೆದವಳು ಉಬೆರ್ಲಿಂದಾಳೇ, ಕಣ್ಣೆದುರಿಗೇ ಇರಲಿ ಎಂದು. ಸುನಿಲ್ದಾ ಒಳ್ಳೆಯ ಬಣ್ಣದ ಶಾಲು ಹೊದ್ದು ಬಂದಳು, ಅರ್ಸೆನಿಯೊ ಆ ದಿನ ಗಡ್ಡ ಹೆರೆದಿದ್ದ. ಉಬೆರ್ಲಿಂದಾ ಇಬ್ಬರನ್ನೂ ನೋಡಿ, ತನ್ನ ಕುರ್ಚಿಯನ್ನು ಎಳೆದು ತಂದು ಸರಿಯಾಗಿ ಅವರಿಬ್ಬರ ನಡುವೆ ಹಾಕಿಕೊಂಡು, ಕನ್ನಡಕ ಏರಿಸಿ ಓದತೊಡಗಿದಳು.